ಅಕ್ಕೋರ ‘ತೇ’

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು ಯಾರೇ ಇರಲಿ, ಊರಿಗೆಲ್ಲ ಅವರು ಅಕ್ಕೋರು. ನಮ್ಮ ಸಾಲಿಯಲ್ಲಿ ಅಂಥ ಅಕ್ಕೋರು ಇನ್ನೂ ಇಬ್ಬರು ಮೂವರು ಇದ್ದರು. ಆದರೆ ಹಿಂದೆ ಮುಂದೆ ಏನೂ ಹಚ್ಚದೆ ಬರೀ ‘ಅಕ್ಕೋರು’ ಎಂದರೆ ಒಂದನೇ ಇಯತ್ತೆಯ ಅಕ್ಕೋರೇ. ಹೋದ ತಿಂಗಳು ರಬಕವಿಯಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿ, “ಸರ್, ಅಕ್ಕೋರು ಹೋದ್ರು” ಎಂದಾಗಲೂ ಯಾವ ಅಕ್ಕೋರು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಲ್ಲಿಯೂ ಅವರ ಹೆಸರು ಬರೆಯುವುದು ಬೇಡ. ಬರೆದರೆ ಬೇರೆ ಯಾರದೋ ಕತೆ ಹೇಳಿದಂತಾದೀತು.

ನಾನು ಬನಹಟ್ಟಿಯ ಆ ಸಾಲಿಗೆ ನೌಕರಿಗೆ ಬಂದಾಗ ಅವರಿಗೆ ನಲವತ್ತರ ಆಸುಪಾಸು. ಎತ್ತರದ, ತೆಳ್ಳನೆಯ ಆಳು. ಮಾಸಿದ ಬಣ್ಣದ ಇಳಕಲ್ ಸೀರೆ, ಹಣೆಗೆ ಬರೀ ವಿಭೂತಿ, ಬಡಿಗರು ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಕಿವಿಯ ಹಿಂದೆ ಬೋರ್ಡಿಗೆ ಬರೆಯುವ ಖಡುವಿನ ಒಂದು ತುಂಡು. ಅದನ್ನು ಅಲ್ಲಿ ಮರೆತು ಬಜಾರಕ್ಕೂ ಹೋಗುತ್ತಿದ್ದರು, ಮಠಕ್ಕೂ ಹೋಗುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ತವರು ಬೀಳಗಿ ತಾಲ್ಲೂಕಿನ ಅನಗವಾಡಿ. ಯಾರಾದರೂ ಜೋರು ಮಾಡಿದರೆ, “ಹೊಳಿ ದಂಡ್ಯಾಗ ಬೆಳದಾಕಿ ನಾ, ನನಗ ಒಣಾ ಮಾತು ಬರೂದಿಲ್ರಿ” ಎಂದು ನಕ್ಕು ಸುಮ್ಮನಾಗುತ್ತಿದ್ದರು.

ಅವರ ಮೇಜಿನ ಮೇಲೆ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಅದರ ತುಂಬ ನೂಲಿನ ತುಂಡುಗಳು. ನಮ್ಮ ಸಾಲಿಯ ಮಕ್ಕಳಲ್ಲಿ ಮುಕ್ಕಾಲು ಮಂದಿ ನೇಕಾರರ ಮನೆಯವರು; ಮಗ್ಗದ ಕೆಳಗೆ ಬಿದ್ದ ಕೆಂಪು, ಹಸಿರು ಎಳೆಗಳನ್ನು ಆರಿಸಿ ಕಿಸೆಯಲ್ಲಿ ತರುತ್ತಿದ್ದರು. ಅಕ್ಕೋರು ಆ ನೂಲನ್ನು ನೆಲದ ಮೇಲೆ ‘ಅ’ ಆಕಾರದಲ್ಲಿ ಹಾಸುತ್ತಿದ್ದರು. ಮಗು ಅದರ ಮೇಲೆ ಬೆರಳಾಡಿಸಬೇಕು, ಆಮೇಲೆ ತಾನೇ ಹಾಸಬೇಕು, ಆಮೇಲಷ್ಟೇ ಪಾಟಿ, ಬಳಪ. ಹೀಗೇಕೆ ಎಂದು ಕೇಳಿದ್ದೆ.

“ಮಗ್ಗದ ಮನಿ ಮಕ್ಕಳ್ರಿ ಮಾಸ್ತರ. ಇವಕ್ಕ ಅಕ್ಷರ ಹೊಸಾ ಮಂದಿ, ನೂಲು ಬಳಗ. ಬಳಗದವರ ಕೈಲೆ ಕರಿಕಳಿಸಿದ್ರ ಲಗೂ ಬರ್ತಾವು.”

ಹಾಗೆ ಮಾಡಿದರೂ ಅಕ್ಷರ ಬಾರದ ಮಕ್ಕಳು ಇರುತ್ತಿದ್ದವು. ಅವರ ತಾಯಂದಿರು ಬಂದು ಸೆರಗು ಕಚ್ಚಿಕೊಂಡು ನಿಂತರೆ ಅಕ್ಕೋರ ಉತ್ತರ ಯಾವಾಗಲೂ ಒಂದೇ: ಇನ್ನೂ ಅದರ ವ್ಯಾಳ್ಯಾ ಆಗಿಲ್ಲ, ಅಷ್ಟ. ದಡ್ಡ ಎಂಬ ಮಾತು ಅವರ ಬಾಯಿಂದ ನಾನು ಕೇಳಲಿಲ್ಲ. ಕ್ಲಾಸಿನ ಯಾವುದೋ ಹುಡುಗ ಇನ್ನೊಬ್ಬನಿಗೆ ಹಾಗೆಂದಾಗ ಅವರ ಮುಖ ಬಾಡಿ ಸಣ್ಣಗಾದದ್ದನ್ನು ನೋಡಿದ್ದೇನೆ. ಅದರ ಕಾರಣ ನನಗೆ ತಿಳಿದದ್ದು ಆಮೇಲೆ, ಒಂದು ಶ್ಲೋಕದ ದೆಸೆಯಿಂದ.

ಸರಸ್ವತಿಯನ್ನು ನೆನೆದು, ‘ಕಲಿಯಲು ತೊಡಗುತ್ತೇನೆ, ನನಗೆ ಸದಾ ಸಿದ್ಧಿಯಾಗಲಿ’ ಎಂದು ಬೇಡುವ ಆ ಎರಡು ಸಾಲು ಯಾರಿಗೆ ಗೊತ್ತಿಲ್ಲ? ಮೊದಲ ಅಕ್ಷರ ತಿದ್ದುವ ದಿನವೂ ಅದೇ, ಪರೀಕ್ಷೆಗೆ ಹೋಗುವ ದಿನವೂ ಅದೇ. ಅದರ ಕೊನೆ ‘ಸಿದ್ಧಿರ್ಭವತು ಮೇ ಸದಾ’. ನಮ್ಮ ಸಾಲಿಯಲ್ಲಿ ಪ್ರತಿ ಮುಂಜಾನೆ ಎಲ್ಲ ಇಯತ್ತೆಗಳಲ್ಲೂ ಇದನ್ನು ಹೇಳಿಸುವ ರೂಢಿ. ಆದರೆ ಅಕ್ಕೋರ ಕೋಣೆಯಿಂದ ಮಾತ್ರ ‘ಸಿದ್ಧಿರ್ಭವತು ತೇ ಸದಾ’ ಎಂದು ಕೇಳಿಸುತ್ತಿತ್ತು. ಹೊಸದಾಗಿ ಬಂದ ಹುಮ್ಮಸ್ಸಿನಲ್ಲಿ ನಾನು, ಅದು ‘ಮೇ’ ಆಗಬೇಕಲ್ಲವೇ ಎಂದು ಕೇಳಿಯೇಬಿಟ್ಟೆ.

ಅಕ್ಕೋರು ಗಂಭೀರವಾಗಿ ತಲೆಯಾಡಿಸಿದರು. ಮೊದಲು ತಾವೂ ‘ಮೇ’ ಎಂದೇ ಹೇಳಿಸುತ್ತಿದ್ದರಂತೆ. ಆಡು ಸಾಕಿದ ಮನೆಯ ಹುಡುಗನೊಬ್ಬ ಆ ಮಾತು ಬಂದ ಕೂಡಲೇ ‘ಮೇಂಏಂ’ ಎಂದು ಎಳೆದನಂತೆ. ಮರುದಿನ ಇಡೀ ಕ್ಲಾಸು ಎಳೆಯಿತಂತೆ. “ದಿನಾ ಮುಂಜಾನೆ ಆಡಿನ ಹಿಂಡು ಬಂದು ವಿದ್ಯಾ ಕೊಡು ಅಂತ ಒದರಿದ್ರ ಸರಸ್ವತಿ ಏನ್ ಕೊಟ್ಟಾಳ್ರಿ? ತೊಪ್ಪಲಾ ಕೊಟ್ಟಾಳು. ಅದಕ್ಕ ‘ತೇ’ ಮಾಡೀನಿ.”

ನಾನು ನಕ್ಕೆ, ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಕತೆ ಸುಳ್ಳೇನೂ ಇರಲಿಲ್ಲ. ಆದರೆ ಅರ್ಧ ಮಾತ್ರ ಇತ್ತು.

ಉಳಿದರ್ಧ ಕಂಡದ್ದು ಕಿಟಕಿಯಿಂದ. ಒಂದು ಮುಂಜಾನೆ ನಕಾಶೆ ಕೇಳಲೆಂದು ಅವರ ಕ್ಲಾಸಿನ ಕಡೆ ಹೋದವನು ಶ್ಲೋಕ ಮುಗಿಯಲೆಂದು ಹೊರಗೇ ನಿಂತೆ. ಕಡೆಯ ಸಾಲು ಬಂದಾಗ ಮಕ್ಕಳೆಲ್ಲ ಕೂತಲ್ಲೇ ಹಿಂದಕ್ಕೆ ತಿರುಗಿದರು. ಹಿಂದಿನ ಗೋಡೆಗೆ ಒಂದು ಚಾಪೆ. ಚಾಪೆಯ ಮೇಲೆ ಪರಕಾರ ಉಟ್ಟ ಹತ್ತು ಹನ್ನೊಂದು ವರ್ಷದ ಹುಡುಗಿ. ಅವಳು ಆ ಉದ್ದ ಲಂಗದ ಅಂಚನ್ನು ಎರಡೂ ಕೈಯಿಂದ ಎತ್ತಿ, ಮಡಿಲಿನಂತೆ ಉಡಿ ಮಾಡಿ ಹಿಡಿದಿದ್ದಳು. ಮಕ್ಕಳು ಅವಳನ್ನು ನೋಡುತ್ತ ‘ತೇ ಸದಾ’ ಎಂದರು. ಅವಳು ಉಡಿಯನ್ನು ಜೋಪಾನವಾಗಿ ಮಡಚಿ ಸೊಂಟಕ್ಕೆ ಸಿಗಿಸಿಕೊಂಡಳು. ಮಕ್ಕಳು ಮುಂದಕ್ಕೆ ತಿರುಗಿ ಪಾಟಿ ತೆಗೆದರು. ನಗು ಇಲ್ಲ, ಗುಸುಗುಸು ಇಲ್ಲ. ಹೊಸಿಲು ದಾಟುವಾಗ ಕಾಲೆತ್ತಿದಷ್ಟು ಸಹಜವಾಗಿತ್ತು.

ಅವಳು ಅಕ್ಕೋರ ಮಗಳು. ಎಲ್ಲರೂ ತಂಗೆವ್ವ ಎನ್ನುತ್ತಿದ್ದರು. ಹುಟ್ಟುವಾಗ ಏನೋ ತೊಂದರೆಯಾಗಿ ಮಾತು ಬಂದಿರಲಿಲ್ಲ, ತಿಳಿವಳಿಕೆಯೂ ಎರಡು ಮೂರು ವರ್ಷದ ಕೂಸಿನಷ್ಟೇ. ಜಮಖಂಡಿ, ಮೀರಜ ಎಂದು ಡಾಕ್ಟರರನ್ನೆಲ್ಲ ಸುತ್ತಿ ಆಗಿತ್ತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ್ದಕ್ಕೆ ದಿನಾ ಕ್ಲಾಸಿಗೆ ಕರೆತರುತ್ತಿದ್ದರು. ಹಾಜರಿಯಲ್ಲಿ ಹೆಸರಿಲ್ಲದ, ವಯಸ್ಸು ಮೀರಿದ ಹುಡುಗಿ. ಯಾರೂ ಬೇಡ ಎಂದಿರಲಿಲ್ಲ. ಆದರೆ ಕೂಡಿಸಬಹುದು ಎಂದೂ ಯಾರೂ ಹೇಳಿರಲಿಲ್ಲ. ಆ ಚಾಪೆ ಇದ್ದದ್ದು ಹಾಗೆ, ಯಾರ ಬಾಯಿಗೂ ಬೀಳದೆ.

ಅಂದು ನಾನು ಕಿಟಕಿಯಲ್ಲಿ ನಿಂತು ನೋಡಿದ್ದು ಅಕ್ಕೋರ ಕಣ್ಣಿಗೂ ಬಿದ್ದಿತ್ತು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ತಾವಾಗಿಯೇ ಹೇಳಿದರು. ಓಣಿಯಲ್ಲಿ ಯಾರದೋ ಮನೆಯ ಬಸುರಿಗೆ ಉಡಿ ತುಂಬುವುದನ್ನು ಹುಡುಗಿ ನೋಡಿದ್ದಳಂತೆ. ಹೆಂಗಸರೆಲ್ಲ ಕೂಡಿ ಹಾಡುತ್ತ ಅಕ್ಕಿ, ಉತ್ತತ್ತಿ, ಬಟ್ಟಲ ಕೊಬ್ಬರಿ ಹಾಕಿದ್ದು ಅವಳ ಮನಸ್ಸಿನಲ್ಲಿ ಕೂತಿತ್ತು. ಮಂದಿ ಕೂಡಿ ಒಂದೇ ದನಿಯಲ್ಲಿ ಏನಾದರೂ ಹೇಳಿದರೆ ಅದು ಉಡಿಗೆ ಬೀಳುವ ಮಾತು ಎಂದು ಅವಳ ಲೆಕ್ಕ. ಮರುದಿನ ಕ್ಲಾಸಿನಲ್ಲಿ ಶ್ಲೋಕ ಶುರುವಾದ ಕೂಡಲೇ ಪರಕಾರ ಎತ್ತಿ ಒಡ್ಡಿದಳಂತೆ.

“ಹುಡುಗೂರು ‘ನನಗ, ನನಗ’ ಅನ್ನಾಕತ್ತಾವು, ಇದು ಉಡಿ ಒಡ್ಡಿ ಕುಂತೈತಿ. ಹೆಂಗ ನೋಡ್ಲಿರಿ? ತನ್ನ ಸಲುವಾಗಿ ತಾ ಬೇಡ್ಕೊಳ್ಳಾಕ ಅಕಿಗಿ ಬಾಯಿಲ್ಲ ಮಾಸ್ತರ. ಅದಕ್ಕ ಬಾಯಿದ್ದವರೆಲ್ಲಾ ಕೂಡಿ ಅಕಿಗಿ ಬೇಡ್ಲಿ ಅಂದೆ. ‘ನಿನಗ ಆಗ್ಲಿ’ ಅಂದ್ರ ಇವರದೇನು ಕಡಿಮಿ ಆಕ್ಕೈತಿ?”

ಸಾಲಿ ಬಿಟ್ಟ ಮೇಲೆ ಹುಡುಗಿ ಆ ಉಡಿಯನ್ನು ಒಂದು ಕೈಯಿಂದ ಒತ್ತಿ ಹಿಡಿದುಕೊಂಡೇ ಮನೆಗೆ ಹೋಗಿ, ದೇವರ ಜಗಲಿಯ ಮುಂದೆ ಸುರಿಯುತ್ತಿದ್ದಳಂತೆ. ನೋಡುವವರ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ.

ಒಮ್ಮೆ ಮಕ್ಕಳನ್ನು ಮುಧೋಳದ ಕಡೆ, ಆ ಸೀಮೆಯ ಹೆಸರಾದ ಬೇಟೆ ನಾಯಿಗಳನ್ನು ತೋರಿಸಲು ಕರೆದುಕೊಂಡು ಹೋಗಿದ್ದೆವು. ಆ ಉದ್ದ ಮೂತಿಯ, ಹೊಟ್ಟೆ ಬೆನ್ನಿಗೆ ಹತ್ತಿದ ನಾಯಿಗಳನ್ನು ನೋಡಿ ಹುಡುಗರು ಕೂಗಿದ್ದೇ ಕೂಗಿದ್ದು. ಅವು ಮುಖ ತಿರುವಿ ನಿಂತಿದ್ದವು. ತಂಗೆವ್ವ ಹೋಗಿ ತಂತಿ ಬೇಲಿಯ ಹತ್ತಿರ ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ ಒಂದು ನಾಯಿ ಬಂದು ತಂತಿಯ ಆಚೆ ಅವಳೆದುರಿಗೇ ಕೂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಬಹಳ ಹೊತ್ತು ಕಳೆದರು. ಅಕ್ಕೋರು ನನ್ನ ಮೊಣಕೈ ತಟ್ಟಿ, “ನೋಡ್ರಿ, ಅದೂ ಮಾತಾಡಂಗಿಲ್ಲ, ಇಕೀನೂ ಮಾತಾಡಂಗಿಲ್ಲ. ಬೀಗರ ಮಾತುಕತಿ ಎಷ್ಟ ಛಲೋ ನಡದೈತಿ” ಎಂದರು. ಅವರು ಹೊಟ್ಟೆ ತುಂಬ ನಕ್ಕದ್ದನ್ನು ನಾನು ನೋಡಿದ್ದು ಆ ದಿನ.

ನಮ್ಮ ಊರಿನ ಪಾವರ್‌ಲೂಮ್ ಮಾಲಕರೊಬ್ಬರ ಮಗ ಅಕ್ಕೋರ ಕೈಯಲ್ಲೇ ಅಕ್ಷರ ಕಲಿತವನು. ಅವನು ಐದನೇ ಇಯತ್ತೆಗೆ ಬಂದಾಗ ವಸತಿ ಸಾಲಿಯ ಪರೀಕ್ಷೆಗೆ ಕೂಡಿಸಿದರು, ಆಗಲಿಲ್ಲ. ಮಾಲಕರು ಮಗನ ಮೇಲೆ ಆಸೆ ಇಟ್ಟಿದ್ದ ಮನುಷ್ಯ. ಸಂಕಟ ತಡೆಯದೆ ಅಲ್ಲಿ ಇಲ್ಲಿ ಕೇಳುತ್ತ ಹೋಗಿದ್ದಾರೆ. ಸಂಸ್ಕೃತ ಬಲ್ಲವರೊಬ್ಬರು, ಹುಡುಗ ದಿನಾ ಯಾವ ಶ್ಲೋಕ ಹೇಳುತ್ತಾನೆ ಎಂದು ಕೇಳಿದ್ದಾರೆ. ಹುಡುಗ ಒಂದನೇ ಇಯತ್ತೆಯಲ್ಲಿ ಬಾಯಿಪಾಠವಾದದ್ದನ್ನೇ ಹೇಳಿದ್ದಾನೆ. ಮರುದಿನ ಮಾಲಕರು ಹೆಡ್‌ಮಾಸ್ತರರ ಕೋಣೆಯಲ್ಲಿ ಕೂತಿದ್ದರು. ಅಕ್ಕೋರನ್ನು ಕರೆಸಿದರು. ಏನೋ ಸಹಿಗೆಂದು ಹೋದ ನಾನೂ ಅಲ್ಲಿದ್ದೆ.

“ಮೇ ಅಂದ್ರ ನನಗ, ತೇ ಅಂದ್ರ ನಿನಗ. ಹೌದಿಲ್ರಿ ಅಕ್ಕೋರ?” ಮಾಲಕರ ದನಿ ಏರಿರಲಿಲ್ಲ. “ಅಂದ್ರ ನನ್ನ ಮಗನ ವಿದ್ಯಾ ನನ್ನ ಮಗನ ಬಾಯಿಲೇನ ದಾನಾ ಕೊಡಿಸೀರಿ. ಯಾರಿಗಿ ಕೊಡಿಸಿದ್ರಿ ಅಷ್ಟ ಹೇಳ್ರಿ.”

ಹೆಡ್‌ಮಾಸ್ತರರೂ ಅಕ್ಕೋರ ಮುಖ ನೋಡಿದರು. ಹೇಳಿಬಿಡುತ್ತಾರೆ ಎಂದು ನಾನು ಕಾದೆ. ಹೇಳಿದ್ದರೆ ಮಾಲಕರ ಸಿಟ್ಟು ಅಲ್ಲೇ ಇಳಿಯುತ್ತಿತ್ತೋ ಏನೋ. ಆದರೆ ಯಾರಿಗೆ ಎಂದು ಹೇಳಿದ ಕೂಡಲೇ ಆ ಹುಡುಗಿ ಕ್ಲಾಸಿನಲ್ಲಿ ಯಾಕೆ ಇದ್ದಾಳೆ ಎಂಬ ಪ್ರಶ್ನೆ ಏಳುತ್ತಿತ್ತು. ಬಾಯಿಗೆ ಬೀಳದೆ ಉಳಿದಿದ್ದ ಚಾಪೆ ಬಾಯಿಗೆ ಬೀಳುತ್ತಿತ್ತು. ಅಕ್ಕೋರು ಕಿವಿಯ ಹಿಂದಿನ ಖಡು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ತಪ್ಪಾತ್ರಿ,” ಎಂದರು. “ನಾಳಿಂದ ಮೇ ಅಂತ ಹೇಳಸ್ತೇನಿ.”

ಅಷ್ಟೇ ಆಡಿದರು. ಒಂದು ಅಕ್ಷರ ಕೊಟ್ಟು ಒಂದು ಚಾಪೆ ಉಳಿಸಿಕೊಂಡರು.

ಮರುದಿನ ಮುಂಜಾನೆ ನಾನು ಬೇಕೆಂದೇ ಆ ಕಿಟಕಿಯ ಕಡೆ ಹೋಗಲಿಲ್ಲ. ಪಕ್ಕದ ಕೋಣೆಯಿಂದಲೇ ಕೇಳಿತು. ಮೊದಲೇ ತಿದ್ದಿ ಹೇಳಿಕೊಟ್ಟಿದ್ದರೂ ಅರ್ಧ ಮಕ್ಕಳು ‘ತೇ’ ಎಂದವು, ಅರ್ಧ ‘ಮೇ’ ಎಂದವು. ಅಕ್ಕೋರು ಮತ್ತೆ ಹೇಳಿಸಿದರು. ಮತ್ತೆ. ಎಲ್ಲ ದನಿಗಳೂ ‘ಮೇ’ ಆಗುವವರೆಗೆ. ಬಿಡುವಿನ ಗಂಟೆಗೆ ಹೋದಾಗ ಹುಡುಗಿ ಇನ್ನೂ ಉಡಿ ಒಡ್ಡಿಯೇ ಕೂತಿದ್ದಳು. ಮಕ್ಕಳು ಮುಂದಕ್ಕೆ ಮುಖ ಮಾಡಿ ಹೇಳಿದ್ದರಿಂದ ತನಗಿನ್ನೂ ಬರಬೇಕಾಗಿದೆ ಎಂದುಕೊಂಡಿದ್ದಳು. ಮಧ್ಯಾಹ್ನ ಅಕ್ಕೋರು ತಾವೇ ಹೋಗಿ ಅವಳ ಕೈ ಬಿಡಿಸಿ ಪರಕಾರ ಸರಿಮಾಡಿದರು. ಹೀಗೆ ಬಹಳ ದಿನ ನಡೆಯಿತು. ಆಮೇಲೆ ಒಂದು ದಿನ ಹುಡುಗಿ ಉಡಿ ಒಡ್ಡುವುದನ್ನು ಬಿಟ್ಟಳು. ಶ್ಲೋಕದ ಹೊತ್ತಿಗೆ ಗೋಡೆಯ ಕಡೆ ಹೊರಳಿ ಕೂಡತೊಡಗಿದಳು.

ಎಂಟು ಹತ್ತು ವರ್ಷಕ್ಕೆ ಆ ಹೆಡ್‌ಮಾಸ್ತರರು ನಿವೃತ್ತರಾದರು. ಮಾಲಕರಿಗೂ ಅದೆಲ್ಲ ಮರೆತಿತ್ತು. ಮಗ ಮುಂದೆ ಮಗ್ಗದ ಉದ್ಯೋಗಕ್ಕೇ ಇಳಿದು ಛಲೋ ನಡೆಸುತ್ತಿದ್ದ. ಇನ್ನು ಕೇಳುವವರಿಲ್ಲ, ‘ತೇ’ ಮತ್ತೆ ಶುರು ಮಾಡಿ ಎಂದು ನಾನು ಅಕ್ಕೋರಿಗೆ ಹೇಳಿದೆ. ನೆಲದ ಮೇಲೆ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಒಮ್ಮಿ ಮಡಚಿದ ಉಡಿ ಮತ್ತ ಬಿಚ್ಚಸೂದು ಬ್ಯಾಡ್ರಿ ಮಾಸ್ತರ. ಅಕಿ ನಂಬಿ ಬಿಚ್ಚತಾಳು. ನಾಳಿ ಮತ್ತ್ಯಾರರ ಬಂದು ಮಡಚ ಅಂದ್ರ ನಾ ಏನ್ ಹೇಳ್ಲಿ?”

ನಿವೃತ್ತಿಯ ದಿನ ಹಾರ ಬೇಡ ಎಂದರು, ಭಾಷಣ ಬೇಡ ಎಂದರು. ಬಿಸ್ಕತ್ತಿನ ಡಬ್ಬಿಯನ್ನು ಹೊಸ ಅಕ್ಕೋರ ಕೈಗೆ ಕೊಟ್ಟು, ಮಗಳ ಕೈ ಹಿಡಿದು, ಚಾಪೆ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೋದರು. ರಬಕವಿಯ ಒಂದು ಓಣಿಯಲ್ಲಿ ಸಣ್ಣ ಮನೆ. ನಾನು ಆಗಾಗ ಹೋಗುತ್ತಿದ್ದೆ. ಮಗಳು ದೊಡ್ಡವಳಾಗಿದ್ದಳು, ಅಕ್ಕೋರು ತಮ್ಮ ಹಳೆಯ ಇಳಕಲ್ ಸೀರೆಗಳನ್ನೇ ದಿನಾ ಅವಳಿಗೆ ಉಡಿಸಿ, ತಲೆಗೆ ಎಣ್ಣೆ ಹಚ್ಚಿ ಹೆರಳು ಹೆಣೆಯುತ್ತಿದ್ದರು. ಕಡೆಕಡೆಗೆ ಅವರಿಗೆ ದಮ್ಮು ಹತ್ತುತ್ತಿತ್ತು. ನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಮತ್ತೆ ನೆರಿಗೆ ಹಿಡಿಯುತ್ತಿದ್ದರು. ನನ್ನೆದುರು ಒಂದೇ ಸಲ ಅಂದಿದ್ದರು: “ಸಾವಿರಾರು ಮಕ್ಕಳಿಗಿ ಅಕ್ಷರ ಕೊಟ್ಟೆ ಅಂತ ಮಂದಿ ಅಂತಾರ. ಈ ಒಂದು ಉಡಿ ತುಂಬಲಿಲ್ರಿ ನನಗ.”

ಫೋನು ಬಂದ ದಿನ ಹೋದಾಗ ಓಣಿ ತುಂಬಿತ್ತು. ನಮ್ಮ ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಅಕ್ಕೋರನ್ನು ಗೋಡೆಗೆ ಆನಿಸಿ ಕಾಲು ಮಡಚಿ ಕೂಡಿಸಿದ್ದರು. ಪಾಟಿ ಕೊಟ್ಟರೆ ಈಗಲೂ ಸೆರಗಿನಿಂದ ಒರೆಸಿಯಾರು ಎನ್ನುವ ಹಾಗಿದ್ದರು. ಹಳೆಯ ವಿದ್ಯಾರ್ಥಿಗಳು ಹೊರಗೆ, ಕೂಡಿಸಿ ಹೊತ್ತೊಯ್ಯುವ ವಿಮಾನ ಕಟ್ಟಿ ಹೂ ಏರಿಸಿದ್ದರು. ಅನಗವಾಡಿಯಿಂದ ಅಕ್ಕೋರ ತಂಗಿ ಬಂದಿದ್ದರು. ಮಗಳನ್ನು ಇನ್ನು ತಾವೇ ಕರೆದೊಯ್ಯುವುದಾಗಿ ಹೇಳಿದರು. ಯಾರೋ ಹೆಂಗಸು ಉಡಿಯ ಮಾತು ತೆಗೆದಳು. ಮುತ್ತೈದೆಯಾಗಿ ಹೋದವರಿಗೆ ಉಡಿ ತುಂಬಿ ಕಳಿಸುವುದು ಪದ್ಧತಿ. ಗಂಡ ಇಲ್ಲದವರಿಗೆ ಇಲ್ಲ. ತಂಗಿ, “ನಮ್ಮಕ್ಕಗ ಎಲ್ಲಿ ಉಡಿಯವ್ವಾ” ಎಂದು ಕಣ್ಣೊರೆಸಿಕೊಂಡರು.

ಎತ್ತುವ ಹೊತ್ತಾಯಿತು. ಆಗ ಮೂಲೆಯಲ್ಲಿದ್ದ ತಂಗೆವ್ವ ಎದ್ದು ಬಂದು ತಾಯಿಯ ಎದುರಿಗೆ, ದಾರಿಗೆ ಅಡ್ಡವಾಗಿ ಕೂತಳು. ಹೊರಗಿನ ಭಜನೆಯವರ ಒಕ್ಕೊರಲು ಕೇಳಿತೋ, ಮನೆ ತುಂಬ ಮಕ್ಕಳಂತೆ ಕೂತ ಮಂದಿ ಕಂಡಿತೋ, ಸೆರಗನ್ನು ಎರಡೂ ಕೈಯಿಂದ ಹಿಡಿದು ಒಡ್ಡಿದಳು. ಇಷ್ಟು ವರ್ಷದ ಮೇಲೆ. ಹೆಂಗಸರು ರಟ್ಟೆ ಹಿಡಿದು ಎಬ್ಬಿಸಲು ನೋಡಿದರು, ಏಳಲಿಲ್ಲ. ಹೊತ್ತು ಮೀರುತ್ತದೆ ಎಂದು ಮಠದ ಅಯ್ಯನವರು ಹೊರಗಿನಿಂದ ಹೇಳಿದರು. ಅವಳಿಗೇನು ಬೇಕೆಂದು ಯಾರಿಗೂ ತಿಳಿಯಲಿಲ್ಲ.

ನಾನು ಅವಳ ಹಿಂದೆ ಕೂತು ಶ್ಲೋಕ ಶುರು ಮಾಡಿದೆ. ಮೊದಲ ಮಾತಿಗೇ ಹಳೆಯ ಹುಡುಗರು ದನಿಗೂಡಿಸಿದರು. ಮೀಸೆ ಬಂದವರು, ತಲೆ ನರೆತವರು, ಬಾಗಿಲ ಹೊರಗೆ ನಿಂತವರೂ ಹೇಳಿದರು. ಕಡೆಯ ಸಾಲಿಗೆ ಬಂದಾಗ ದನಿ ಒಡೆಯಿತು. ಆ ನಡುವಿನ ವರ್ಷಗಳಲ್ಲಿ ಕಲಿತವರು ‘ತೇ’ ಎಂದರು, ಅದಕ್ಕೆ ಹಿಂದೆ ಮುಂದೆ ಕಲಿತವರು ‘ಮೇ’ ಎಂದರು. ಹುಡುಗಿಯ ಉಡಿ ಹಾಗೇ ತೆರೆದಿತ್ತು.

ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದ ಮಾಲಕರು ಎದ್ದು ಒಳಗೆ ಬಂದರು. ಈಗ ಬಹಳ ಮುದಿಯಾಗಿದ್ದಾರೆ. ಅವರ ಮಗ ವಿಮಾನಕ್ಕೆ ಹೆಗಲು ಕೊಡಲು ನಿಂತಿದ್ದ. ಏನು ಬೇಕಂತೆ ಈ ಹುಡುಗಿಗೆ ಎಂದು ನನ್ನನ್ನು ಕೇಳಿದರು. ಅವರು ಅಂದು ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲೇ ಕೂತಿತ್ತು, ನಾನು ಹೇಳಿದೆ. ಯಾರಿಗೆ ಆ ‘ತೇ’ ಹೋಗುತ್ತಿತ್ತು, ಅಕ್ಕೋರು ಯಾಕೆ ಹೇಳದೆ ನಿಂತರು ಎಂಬುದನ್ನು ಎರಡು ಮಾತಿನಲ್ಲಿ.

ಅವರು ಅಕ್ಕೋರ ಕಡೆ ತಿರುಗಿದರು.

“ಅವತ್ತ ಒಂದ ಮಾತ ಅನಬಾರದಿತ್ತೇನ್ರಿ ಅಕ್ಕೋರ,” ಎಂದರು.

ಆಮೇಲೆ ಟೊಪ್ಪಿಗೆ ತೆಗೆದು ಬಗಲಲ್ಲಿ ಇಟ್ಟುಕೊಂಡು, ಕೋಲಿನ ಮೇಲೆ ಭಾರ ಹಾಕಿ ಬಗ್ಗಿ, ಹುಡುಗಿಯ ಉಡಿಯನ್ನೇ ನೋಡುತ್ತ ಒಬ್ಬರೇ ಹೇಳಿದರು: “ತೇ ಸದಾ.” ಹಿಂದೆ ಅವರ ಮಗ ಹೇಳಿದ. ಆಮೇಲೆ ಮನೆ, ಕಟ್ಟೆ, ಓಣಿ ಎಲ್ಲ ಕೂಡಿ ಹೇಳಿತು. ಈ ಸಲ ದನಿ ಒಡೆಯಲಿಲ್ಲ.

ತಂಗೆವ್ವ ಸೆರಗು ಮಡಚಿದಳು. ಸೊಂಟಕ್ಕೆ ಸಿಗಿಸಿಕೊಂಡು ಏಳುತ್ತಾಳೆ ಎಂದುಕೊಂಡೆ. ಅವಳು ಮೊಣಕಾಲ ಮೇಲೆ ಸರಿಯುತ್ತ ತಾಯಿಯ ಹತ್ತಿರ ಹೋದಳು. ಅಕ್ಕೋರ ಸೆರಗಿನ ಅಂಚನ್ನು ಎಳೆದು, ಮಡಚಿದ ಕಾಲುಗಳ ಮೇಲೆ ಹರವಿ, ತನ್ನ ಉಡಿಯನ್ನು ಅಷ್ಟೂ ಅದರಲ್ಲಿ ಸುರಿದಳು. ಉಡಿ ಇಲ್ಲ ಎಂದಿದ್ದ ತಂಗಿ ಬಾಯಿಗೆ ಸೆರಗು ಒತ್ತಿಕೊಂಡರು, ಬೇಡ ಎನ್ನಲಿಲ್ಲ. ಹುಡುಗಿ, ಒಂದು ಕಾಳೂ ಒಳಗೆ ಉಳಿಯಬಾರದು ಎನ್ನುವಂತೆ ತನ್ನ ಸೆರಗನ್ನು ಎರಡು ಸಲ ಕೊಡವಿದಳು. ಆಮೇಲೆ ಎದ್ದು ದಾರಿ ಬಿಟ್ಟಳು.